ಶ್ರೀತಾಳ ಲಕ್ಷಣ ವಿಚಾರ

ವಿದ್ಯಾಲಯದ ಸ್ಮರಣ ಸಂಪುಟಕ್ಕೆ ಛಂದಸ್ಸನ್ನೋ ಅಲಂಕಾರವನ್ನೋ ಕುರಿತು ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯ ಮಿತ್ರರು ನನ್ನನ್ನು ಕೇಳಿದರು. ಮರವೊಂದನ್ನು ಕುರಿತು ಬರೆಯುತ್ತೇನೆಂದು ನಾನು ಹೇಳಿದಾಗ ಅವರು ಪರಸ್ಪರ ಮುಖ ನೋಡಿಕೊಂಡರು. ವಿದ್ವತ್ ಪರೀಕ್ಷೆಗೆ ಓದಿದವನಿಗೂ ಸಸ್ಯಶಾಸ್ತ್ರಕ್ಕೂ ಏನು ಸಂಬಂಧವೆಂಬುದು ಅವರ ಸಂದೇಹ. ಸಂಬಂಧವುಂಟು. ಅದು ನನ್ನದೇ ಒಂದು ತಪ್ಪಿನಿಂದ ಹುಟ್ಟಿದ್ದು. ಆ ತಪ್ಪು ಇಂದಿಗೂ ನಮ್ಮ ವಿದ್ಯಾಲಯದ ಅಂಗಳದಲ್ಲಿ, ಧ್ವಜಸ್ತಂಭದ ಎಡಕ್ಕೆ, ಮೂರಾಳು ಎತ್ತರವಾಗಿ ಬೆಳೆದು ನಿಂತಿದೆ.

ತುರುವನೂರಿನವರಿಗೆ ತಾಳವರ್ಗದ ಮರಗಳ ಪರಿಚಯವಿಲ್ಲವೆಂದು ಯಾರೂ ಹೇಳಲಾರರು. 1939ರಲ್ಲಿ ಎಸ್. ನಿಜಲಿಂಗಪ್ಪನವರ ನೇತೃತ್ವದಲ್ಲಿ ಇಲ್ಲಿ ಅರಣ್ಯ ಸತ್ಯಾಗ್ರಹ ನಡೆದಾಗ ಜನರು ಕೊಡಲಿ ಹಿಡಿದು ಹೊರಟದ್ದು ಈಚಲು ಮರಗಳ ಮೇಲೆಯೇ. ಹೆಂಡದ ಮರವನ್ನು ಕಡಿಯುವುದೆಂದರೆ ಸರ್ಕಾರದ ವರಮಾನವನ್ನೇ ಕಡಿದಂತೆ. ಅದರ ಅರ್ಥ ಪೊಲೀಸರಿಗೂ ತಿಳಿದಿತ್ತು, ಹಳ್ಳಿಯ ಒಕ್ಕಲಿಗೂ ತಿಳಿದಿತ್ತು. ನಾನು ಇಲ್ಲಿ ಹೇಳಬೇಕೆಂದಿರುವುದು ಆ ಇತಿಹಾಸವನ್ನಲ್ಲ. ಅಂದು ಕಡಿಯಲು ಹೋದವರಲ್ಲಿ ಒಬ್ಬನಾದರೂ ಈಚಲನ್ನು ತೆಂಗೆಂದು ಭ್ರಮಿಸಿರಲಾರನು. ಮರವನ್ನು ದಿನವೂ ಕಂಡವನಿಗೆ ಲಕ್ಷಣಗ್ರಂಥ ಬೇಕಾಗಿಲ್ಲ. ಕಾಣದ ಮರದ ವಿಷಯದಲ್ಲಿಯೇ ನಾವು ಎಡವುವುದು; ಅದರಲ್ಲಿಯೂ ಹೆಸರನ್ನು ಬಲ್ಲೆವೆಂಬ ಧೈರ್ಯವಿದ್ದವರು ಹೆಚ್ಚಾಗಿ ಎಡವುತ್ತೇವೆ.

ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಗೆ ಹಸ್ತಪ್ರತಿಗಳ ವಿಷಯವನ್ನು ಪಾಠ ಹೇಳುತ್ತ, ಶ್ರೀಮಠದ ಭಂಡಾರದಿಂದ ತಂದಿದ್ದ ಒಂದು ಓಲೆಕಟ್ಟನ್ನು ಮಕ್ಕಳಿಗೆ ತೋರಿಸಿದೆ. "ಇದು ತಾಳೆಗರಿ. ಬೇಸಗೆಯಲ್ಲಿ ತಾಟಿನುಂಗು ತಿನ್ನುತ್ತೀರಲ್ಲ, ಆ ಮರದ ಗರಿ" ಎಂದೆ. ಇಪ್ಪತ್ತು ವರ್ಷಗಳಿಂದ ಹಾಗೆಯೇ ಹೇಳುತ್ತ ಬಂದಿದ್ದೆ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಹುಡುಗಿಯೊಬ್ಬಳು ಎದ್ದು ನಿಂತು, ತನ್ನ ತಾಯಿಯ ತವರು ಆಂಧ್ರದ ಗಡಿಯಾಚೆ ಇದೆಯೆಂದೂ ಅಲ್ಲಿ ಹೊಲದ ಬದುವಿನಲ್ಲೆಲ್ಲ ತಾಟಿಮರಗಳೇ ಇವೆಯೆಂದೂ ಆ ಎಲೆಯ ಸೀಳು ಇಷ್ಟು ಅಗಲ ಇರುವುದೇ ಇಲ್ಲವೆಂದೂ ಹೇಳಿದಳು. ನಾನು ಅಮರಕೋಶದ ವನೌಷಧಿವರ್ಗವನ್ನು ಹೇಳಿ ಅವಳನ್ನು ಕೂರಿಸಿದೆ. ಕೋಶ ಹೇಳಿದ್ದು ಸರಿಯಾಗಿಯೇ ಇತ್ತು; ಅವಳ ಪ್ರಶ್ನೆಗೆ ಮಾತ್ರ ಅದು ಉತ್ತರವಾಗಿರಲಿಲ್ಲ.

ಅಮರಸಿಂಹನು ತಾಳವನ್ನು ತೃಣರಾಜನೆಂದು ಕರೆಯುತ್ತಾನೆ. ತೆಂಗು, ಅಡಕೆ, ಹಿಂತಾಲ, ಖರ್ಜೂರ, ಕೇತಕಿ, ತಾಲೀ ಮುಂತಾದವನ್ನೆಲ್ಲ ಒಟ್ಟುಗೂಡಿಸಿ ತೃಣದ್ರುಮಗಳೆಂದು, ಎಂದರೆ ಹುಲ್ಲಿನ ಜಾತಿಯ ಮರಗಳೆಂದು, ಒಂದು ಗುಂಪು ಮಾಡುತ್ತಾನೆ. ಈ ಒಂದು ಮಾತಿಗೆ ಇಂದಿನ ಸಸ್ಯಶಾಸ್ತ್ರಜ್ಞರೂ ತಲೆದೂಗುವರು. ಬೇವು ಹುಣಿಸೆಗಳ ಕಾಂಡವನ್ನು ಅಡ್ಡಲಾಗಿ ಕೊಯ್ದರೆ ವರ್ಷವರ್ಷದ ಬಳೆಗಳು ಕಾಣುತ್ತವೆ. ತೆಂಗಿನ ಕಾಂಡವನ್ನು ಕೊಯ್ದರೆ ಬರಿಯ ನಾರಿನ ಚುಕ್ಕೆಗಳು. ಮೊಳೆಯುವಾಗ ಎರಡು ಬೇಳೆಯಾಗಿ ಒಡೆಯದೆ ಜೋಳದಂತೆ ಒಂದೇ ಎಲೆಯಾಗಿ ಏಳುವ ಈ ಮರಗಳು ನಿಜವಾಗಿಯೂ ಹುಲ್ಲಿನ ದಾಯಾದಿಗಳು. ಕೇತಕಿಯೊಂದು ಮಾತ್ರ ರೂಪಸಾದೃಶ್ಯದಿಂದ ಈ ಪಂಕ್ತಿಯಲ್ಲಿ ಬಂದು ಕುಳಿತಿದೆ, ಅದು ತಾಳವರ್ಗದ್ದಲ್ಲ. ನನ್ನ ಕಣ್ಣಿಗೆ ಬಹುಕಾಲ ಬೀಳದಿದ್ದ ಅಂಶವೆಂದರೆ ಅಮರನು ತಾಲವನ್ನು ಬೇರೆ, ತಾಲಿಯನ್ನು ಬೇರೆ ಎಣಿಸಿದ್ದಾನೆ ಎಂಬುದು. ಒಂದನ್ನು ಮತ್ತೊಂದರ ಸ್ತ್ರೀಲಿಂಗ ರೂಪವೆಂದು ಬಗೆದು ನಾನು ದಾಟಿಬಿಟ್ಟಿದ್ದೆ. ತಾಲೀಪತ್ರವೆಂಬ ಮಾತು ಮಲೆಯಾಳದ ಬಾಯಿಯಿಂದ ಐರೋಪ್ಯರ ಕಿವಿಗೆ ಬಿದ್ದು ಇಂಗ್ಲಿಷಿನಲ್ಲಿ 'ಟಾಲಿಪಾಟ್' ಆಯಿತು. ಆ ಟಾಲಿಪಾಟೇ ನಮ್ಮ ಶ್ರೀತಾಳ.

ಇನ್ನು ಅಂಗಳದ ಮರದ ಕಥೆ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು, ಉದಾರಿಗಳು, ದೂರದ ನಗರವೊಂದರ ಸಸಿಗಳ ಮಾರಾಟಗಾರರಿಂದ ಒಂದು ಗಿಡವನ್ನು ಕೊಂಡು ತಂದು, "ವಚನಗಳನ್ನು ಹೊತ್ತು ಕಾಪಾಡಿದ ಮರ ಇದು, ನಮ್ಮ ಶಾಲೆಯಲ್ಲಿ ಬೆಳೆಯಲಿ" ಎಂದು ಕಾಣಿಕೆಯಾಗಿ ಕೊಟ್ಟರು. ಬೀಸಣಿಗೆಯ ಆಕಾರದ ನಾಲ್ಕು ಎಲೆಗಳ ಗಿಡ. ನೆಡುವ ಸಮಾರಂಭದಲ್ಲಿ ನಾನೇ ಮಾತನಾಡಿದೆ. ಫ.ಗು. ಹಳಕಟ್ಟಿಯವರು ಮನೆಮನೆಗೆ, ಮಠಮಠಕ್ಕೆ ಅಲೆದು ಓಲೆಕಟ್ಟುಗಳನ್ನು ಹುಡುಕಿದ್ದು, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಅಚ್ಚಾದದ್ದು, ಹುಳು ತಿಂದ ಗರಿಗಳಿಂದ ಒಂದು ಸಾಹಿತ್ಯವೇ ಎದ್ದುಬಂದದ್ದು, ಇದನ್ನೆಲ್ಲ ವಿಸ್ತಾರವಾಗಿ ಹೇಳಿದೆ. ಮಾತು ಚೆನ್ನಾಗಿತ್ತೆಂದು ಎಲ್ಲರೂ ಹೇಳಿದರು. ಫಲಕವನ್ನೂ ಹಾಕಿಸಿದೆವು.

ಗಿಡವು ನಮ್ಮ ಬಯಲುಸೀಮೆಯ ಬಿಸಿಲಿನಲ್ಲಿ ಅತಿವೇಗವಾಗಿ ಬೆಳೆಯಿತು. ಅದೇ ನಮಗೆ ಸಂಶಯ ಹುಟ್ಟಿಸಬೇಕಾಗಿತ್ತು. ಮುಂದೊಂದು ಹಳೆಯ ವಿದ್ಯಾರ್ಥಿಗಳ ಸಮ್ಮೇಳನಕ್ಕೆ ಬಂದಿದ್ದ, ಈಗ ಸಸ್ಯಶಾಸ್ತ್ರದ ಅಧ್ಯಾಪಕರಾಗಿರುವ ಶಿಷ್ಯರೊಬ್ಬರು ಫಲಕವನ್ನು ಓದಿ, ಎಲೆಯನ್ನು ಬಾಗಿಸಿ, ಸೀಳುಗಳ ನಡುವೆ ಜೋತಾಡುತ್ತಿದ್ದ ಬಿಳಿಯ ದಾರವೊಂದನ್ನು ಎಳೆದು ನನ್ನ ಅಂಗೈಯಲ್ಲಿಟ್ಟರು. "ಗುರುಗಳೇ, ಶ್ರೀತಾಳದ ಎಲೆಯಲ್ಲಿ ಈ ನೂಲು ಇರುವುದಿಲ್ಲ. ಇದು ವಾಷಿಂಗ್ಟೋನಿಯ" ಎಂದರು. ಮೆಕ್ಸಿಕೋ ಕ್ಯಾಲಿಫೋರ್ನಿಯಗಳ ಒಣನೆಲದ ಮರವಂತೆ. ಅಲಂಕಾರಕ್ಕಾಗಿ ಜಗತ್ತಿನ ಎಲ್ಲ ಊರುಗಳಲ್ಲಿಯೂ ನೆಡುತ್ತಾರಂತೆ. ಹೆಸರು ಅಮೆರಿಕದ ಮೊದಲ ಅಧ್ಯಕ್ಷರದು. ಆ ಮಹನೀಯರ ಮರದ ಮುಂದೆ ನಿಂತು ನಾನು ಓಲೆಯ ಮಹಿಮೆಯನ್ನು ಅರ್ಧ ಗಂಟೆ ಹೊಗಳಿದ್ದೆ. ಈಚಲು ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ಹೆಂಡವೆನ್ನುತ್ತಾರೆಂದು ಗಾದೆ. ನಾನು ಅದಕ್ಕೂ ಮುಂದೆ ಹೋಗಿ ಮರವನ್ನೇ ತಪ್ಪು ತಿಳಿದಿದ್ದೆ.

"ಒಮ್ಮೆ ಕರಾವಳಿಗೆ ಹೋಗಿ ಕಣ್ಣಾರೆ ನೋಡಿ ಬನ್ನಿ" ಎಂದರು ಆ ಶಿಷ್ಯರು. ಹೋದೆ. ನೋಡಿದ್ದನ್ನು, ಅವರಿಂದ ಕೇಳಿ ಕಲಿತದ್ದನ್ನು, ಅಧ್ಯಾಪಕ ಬಂಧುಗಳ ಉಪಯೋಗಕ್ಕಾಗಿ ಇಲ್ಲಿ ಬರೆಯುತ್ತೇನೆ.

ತಾಳವರ್ಗದ ಮರವನ್ನು ಕಂಡಾಗ ಮೊದಲು ನೋಡತಕ್ಕದ್ದು ಎಲೆ ಗರಿಯಂತಿದೆಯೋ ಬೀಸಣಿಗೆಯಂತಿದೆಯೋ ಎಂಬುದನ್ನು. ತೆಂಗು, ಅಡಕೆ, ಈಚಲುಗಳು ಗರಿಯವು: ನಡುವೆ ಉದ್ದನೆಯ ದಿಂಡು, ಎರಡು ಕಡೆಗೂ ಸಾಲಾಗಿ ಎಲೆಗಳು. ಇವುಗಳಲ್ಲಿಯೇ ಒಂದು ಸೂಕ್ಷ್ಮವುಂಟು. ಈಚಲಿನ ಎಲೆಯ ಮಡಿಕೆ ಮೇಲ್ಮುಖವಾಗಿದ್ದು ದೋಣಿಯಂತೆ ಮಳೆನೀರನ್ನು ಹಿಡಿಯುತ್ತದೆ. ತೆಂಗಿನ ಎಲೆಯ ಮಡಿಕೆ ಕೆಳಮುಖವಾಗಿದ್ದು ಮನೆಯ ಮಾಡಿನಂತೆ ನೀರನ್ನು ಜಾರಿಸುತ್ತದೆ. ಈಚಲ ಗರಿಯ ಬುಡದ ಎಲೆಗಳು ಮುಳ್ಳುಗಳಾಗಿ ಮಾರ್ಪಟ್ಟಿರುವುದನ್ನು ನಮ್ಮ ಊರಿನ ದನಗಾಹಿ ಹುಡುಗರು ಕಾಲಿನಿಂದಲೇ ಬಲ್ಲರು. ಮಲೆನಾಡಿನ ಬಗನಿ, ಕೆಲವರು ಬೈನೆ ಎನ್ನುವ ಮರ, ಇವೆಲ್ಲಕ್ಕಿಂತ ಬೇರೆ: ಅದರ ಗರಿಯು ಮತ್ತೆ ಕವಲೊಡೆದು, ಒಂದೊಂದು ಎಲೆಯೂ ಮೀನಿನ ಬಾಲವನ್ನು ಕತ್ತರಿಸಿ ಅಂಟಿಸಿದಂತೆ ಇರುತ್ತದೆ. ಅದರ ಹೂಗೊಂಚಲು ಕುದುರೆಯ ಬಾಲದಂತೆ ಇಳಿಬಿದ್ದು, ತುದಿಯಿಂದ ಆರಂಭವಾಗಿ ವರ್ಷವರ್ಷ ಕೆಳಕೆಳಗೆ ಇಳಿಯುತ್ತ ಬರುತ್ತದೆ.

ಬೀಸಣಿಗೆಯ ಎಲೆಯವುಗಳಲ್ಲಿಯೇ ತೊಡಕಿರುವುದು. ತಾಳೆ, ಶ್ರೀತಾಳ, ನಮ್ಮ ಅಂಗಳದ ಅತಿಥಿ, ಮೂರೂ ಬೀಸಣಿಗೆಯವೇ. ಲಿನೇಯಸ್ ಪಂಡಿತನು 1753ರಲ್ಲಿ ಸಸ್ಯಗಳಿಗೆ ನಾಮಕರಣ ಮಾಡುವಾಗ ತಾಳೆಗೆ ಬೊರಾಸಸ್ ಫ್ಲಾಬೆಲ್ಲಿಫರ್ ಎಂದೂ ಶ್ರೀತಾಳಕ್ಕೆ ಕೊರಿಫಾ ಅಂಬ್ರಾಕ್ಯುಲಿಫೆರಾ ಎಂದೂ ಹೆಸರಿಟ್ಟನು. ಲ್ಯಾಟಿನ್ ಭಾಷೆಯ ಆ ಎರಡು ವಿಶೇಷಣಗಳಿಗೆ ಬೀಸಣಿಗೆ ಹೊತ್ತದ್ದು, ಕೊಡೆ ಹೊತ್ತದ್ದು ಎಂದು ಅರ್ಥ. ಬಾಲಕರಿಗೆ ಇದಕ್ಕಿಂತ ಒಳ್ಳೆಯ ಗುರುತನ್ನು ನಾನು ಕಾಣೆ. ತಾಳೆಯ ಒಂದು ಎಲೆಯಿಂದ ಒಬ್ಬನಿಗೆ ಗಾಳಿ ಬೀಸಬಹುದು. ಶ್ರೀತಾಳದ ಒಂದು ಎಲೆಯ ಕೆಳಗೆ ಒಂದು ಸಂಸಾರವೇ ಮಳೆಗೆ ನಿಲ್ಲಬಹುದು. ಲಿನೇಯಸನಿಗಿಂತ ಮೊದಲೇ, 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಆಮ್‌ಸ್ಟರ್ಡ್ಯಾಮಿನಲ್ಲಿ ಅಚ್ಚಾದ 'ಹೋರ್ಟಸ್ ಮಲಬಾರಿಕಸ್' ಗ್ರಂಥದಲ್ಲಿ ಈ ಮರ 'ಕೊಡ್ಡ ಪನ್ನ' ಎಂಬ ಹೆಸರಿನಿಂದ ಬಂದಿದೆ. ಅದು ಮಲೆಯಾಳದ ಕುಡಪ್ಪನ, ಎಂದರೆ ಕೊಡೆಯ ತಾಳೆಯೇ. ತುಳುವರು ಪಣೋಲಿ ಎನ್ನುತ್ತಾರೆ.

ಅಳತೆಯನ್ನು ಹೇಳುವುದಾದರೆ, ತಾಳೆಯ ಎಲೆಯ ಹರವು ಸಾಮಾನ್ಯವಾಗಿ ಒಂದೂವರೆ ಮೀಟರಿನ ಆಸುಪಾಸು. ಶ್ರೀತಾಳದ್ದು 5 ಮೀಟರುಗಳವರೆಗೂ ಹೋಗುತ್ತದೆ. ತೊಟ್ಟೇ 4 ಮೀಟರು ಉದ್ದವಾಗಬಲ್ಲದು. ಸೀಳುಗಳು ನೂರಕ್ಕೂ ಮಿಗಿಲಾಗಬಹುದು. ಕಾಂಡವು 25 ಮೀಟರು ಎತ್ತರಕ್ಕೆ ಏರುತ್ತದೆ, ಇಬ್ಬರು ಕೈಚಾಚಿ ತಬ್ಬುವಷ್ಟು ದಪ್ಪವಾಗುತ್ತದೆ. ಆದರೆ ಅಳತೆಯೊಂದನ್ನೇ ನಂಬಿದರೆ ಮತ್ತೆ ಮೋಸಹೋಗುವೆವು. ಎಳೆಯ ಶ್ರೀತಾಳವು ಬೆಳೆದ ತಾಳೆಗಿಂತ ಚಿಕ್ಕದಾಗಿಯೇ ಇರುವುದಲ್ಲವೆ? ನಾನು ಕರಾವಳಿಯಲ್ಲಿ ಮೊದಲು ಕಂಡದ್ದು ಅಂತಹ ಎಳೆಯ ಮರವನ್ನು. ಕಾಂಡವೇ ಇರಲಿಲ್ಲ. ನೆಲದಿಂದಲೇ ಎಲೆಗಳು ಎದ್ದು ಗುಡಿಸಲಿನಂತೆ ಹರಡಿದ್ದವು. ಅನೇಕ ವರ್ಷಗಳ ಕಾಲ ಅದು ಹಾಗೆಯೇ ಇದ್ದು, ಬುಡವನ್ನು ದಪ್ಪ ಮಾಡಿಕೊಂಡ ಮೇಲೆ ಎತ್ತರಕ್ಕೆ ಏಳುವುದಂತೆ. ನಮ್ಮ ವಾಷಿಂಗ್ಟೋನಿಯಕ್ಕೆ ಈ ತಾಳ್ಮೆ ಎಲ್ಲಿಯದು?

ಎಲೆಯನ್ನು ಹತ್ತಿರದಿಂದ ನೋಡಬೇಕು. ಶ್ರೀತಾಳದ ತೊಟ್ಟು ಎಲೆಯ ಬುಡದಲ್ಲಿ ನಿಲ್ಲದೆ ಒಳಗೆ ನುಗ್ಗಿ, ನಡುನರವಾಗಿ ಬಾಗುತ್ತ ಸಾಗುತ್ತದೆ. ಅದರಿಂದಾಗಿ ಎಲೆ ಚಪ್ಪಟೆಯಾಗಿರದೆ ಬೆನ್ನು ಬಾಗಿದಂತೆ ತೋರುತ್ತದೆ. ತೊಟ್ಟಿನ ಎರಡು ಅಂಚುಗಳಲ್ಲಿಯೂ ಕಪ್ಪನೆಯ ಗಿಡ್ಡ ಹಲ್ಲುಗಳು ಗರಗಸದಂತೆ ಇರುತ್ತವೆ. ತಾಳೆಗೂ ಹಲ್ಲುಗಳಿವೆ, ನಡುನರವೂ ಕೊಂಚ ಒಳಕ್ಕೆ ಹೋಗುತ್ತದೆ; ಆದರೆ ಅದರ ಎಲೆ ಗಡಸು, ಗಾಳಿಗೆ ಕಟಕಟ ಸದ್ದು ಮಾಡುವಂಥದು. ಶ್ರೀತಾಳದ್ದು ತೆಳುವು, ಬಳುಕುವಂಥದು. ಸೀಳುಗಳ ನಡುವೆ ಬಿಳಿಯ ನೂಲು ಜೋತಿದ್ದರೆ ಅದು ಎರಡೂ ಅಲ್ಲವೆಂದು ತಿಳಿದು, ಫಲಕವನ್ನು ಬರೆಸುವ ಮೊದಲೇ ಹಿಂದೆ ಸರಿಯತಕ್ಕದ್ದು. ಇದು ಅನುಭವದ ಮಾತು.

ಫಲದಿಂದಲೂ ನಿರ್ಣಯಿಸಬಹುದು. ತಾಳೆಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಹೆಣ್ಣು ಮರ ವರ್ಷ ವರ್ಷವೂ ಫಲಿಸುತ್ತದೆ. ಒಂದೊಂದು ಕಾಯಿಯಲ್ಲಿ ಸಾಮಾನ್ಯವಾಗಿ ಮೂರು ನುಂಗು. ಶ್ರೀತಾಳದಲ್ಲಿ ಈ ಭೇದವಿಲ್ಲ, ಫಲವು ನಿಂಬೆಯಷ್ಟು ಮಾತ್ರ, ಒಳಗೆ ಒಂದೇ ಬೀಜ, ದಂತದಂತೆ ಗಟ್ಟಿ. ಮರಾಠಿ ಹಿಂದಿ ಸೀಮೆಗಳಲ್ಲಿ ಬಜರಬಟ್ಟು ಎಂದು ಕರೆದು, ದೃಷ್ಟಿ ತಾಕದಿರಲೆಂದು ಮಕ್ಕಳಿಗೆ ಕಟ್ಟುವ ಮಣಿ ಇದೇ. ಈ ಸಂಗತಿಯನ್ನು ವಾಚಕರು ನೆನಪಿಟ್ಟಿರಬೇಕು, ಮುಂದೆ ಬೇಕಾಗುತ್ತದೆ.

ಈ ಲಕ್ಷಣಗಳನ್ನು ಕಲಿತು ಬಂದ ಮೇಲೆ ನಾನು ಮೊದಲು ಮಾಡಿದ ಕೆಲಸವೆಂದರೆ ಶ್ರೀಮಠದ ಓಲೆಕಟ್ಟುಗಳನ್ನು ಮತ್ತೆ ಬಿಚ್ಚಿ ನೋಡಿದುದು. ಆ ಹುಡುಗಿ ಹೇಳಿದ್ದು ನಿಜವಾಗಿತ್ತು. ತಾಳೆಯ ಓಲೆ ದಪ್ಪ, ಗಡಸು, ಅಗಲ ಕಡಮೆ, ಒಂದೂವರೆ ಅಂಗುಲದಷ್ಟು. ಶ್ರೀತಾಳದ ಓಲೆ ತೆಳ್ಳಗೆ, ನಯವಾಗಿ, ಎರಡೂವರೆ ಮೂರು ಅಂಗುಲ ಅಗಲಕ್ಕೂ ಬರುತ್ತದೆ. ತರಗತಿಯಲ್ಲಿ ತೋರಿಸಿದ್ದ ಕಟ್ಟಿನಲ್ಲಿ ಬಹುಪಾಲು ಶ್ರೀತಾಳ. ನಡುವೆ ಏಳು ಗರಿಗಳು ಮಾತ್ರ ತಾಳೆಯವು. ಆ ಏಳರ ಅಕ್ಷರವೂ ಬೇರೆ ಕೈಯದು! ಮೂಲದ ಓಲೆಗಳು ಮುರಿದೋ ಕಳೆದೋ ಹೋದಾಗ ಮತ್ತೊಬ್ಬ ಲಿಪಿಕಾರನು ಕೈಗೆ ಸಿಕ್ಕಿದ ಗರಿಯ ಮೇಲೆ ಬರೆದು ಸೇರಿಸಿದ್ದಾನೆ. ಆ ಭಾಗದ ಪಾಠಾಂತರಗಳನ್ನು ನಾನು ಇಷ್ಟು ದಿನ ಮೂಲದಷ್ಟೇ ಪ್ರಾಚೀನವೆಂದು ಎಣಿಸುತ್ತಿದ್ದೆ. ಮರವನ್ನು ಅರಿಯದೆ ಗ್ರಂಥಸಂಪಾದನೆ ಮಾಡಿದರೆ ಆಗುವ ಪ್ರಮಾದ ಇಂಥದು. ಒಂದು ಎಚ್ಚರಿಕೆ: ತೆಳುವೋ ಗಡಸೋ ಎಂದು ತಿಳಿಯಲು ಹಳೆಯ ಓಲೆಯನ್ನು ಯಾರೂ ಬಾಗಿಸಿ ನೋಡಬಾರದು. ಒಣಗಿದ ಓಲೆ ಪಟ್ಟನೆ ಮುರಿಯುತ್ತದೆ. ಅಗಲವನ್ನು ಅಳೆದು, ಅಂಚಿನ ದಪ್ಪವನ್ನು ಭೂತಗನ್ನಡಿಯಿಂದ ನೋಡಿದರೆ ಸಾಕು.

ಈ ಭೇದವನ್ನು ವಿದ್ವಾಂಸರು ಗಮನಿಸದೆ ಇರಲಿಲ್ಲ. ರುಡಾಲ್ಫ್ ಹೋರ್ನ್‌ಲೆ ಎಂಬುವರು 1900ರಲ್ಲಿ ಬಂಗಾಳದ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ತಾವು ಪರೀಕ್ಷಿಸಿದ ಉತ್ತರ ಭಾರತದ ಪ್ರಾಚೀನ ಓಲೆಗಳು ಶ್ರೀತಾಳದವೆಂದೂ ತಾಳೆಯ ಬಳಕೆ ಈಚಿನದೆಂದೂ ತೋರಿಸಿದ್ದರು. ಅದಕ್ಕೂ ಹಿಂದೆ, ಏಳನೆಯ ಶತಮಾನದಲ್ಲಿ ದಕ್ಷಿಣಾಪಥದಲ್ಲಿ ಸಂಚರಿಸಿದ ಚೀನೀ ಯಾತ್ರಿಕ ಹ್ಯೂಯೆನ್‌ತ್ಸಾಂಗನು ಕೊಂಕಣಪುರವೆಂಬ ರಾಜಧಾನಿಯ ಬಳಿಯಲ್ಲಿದ್ದ ತಾಳವನವನ್ನು ವರ್ಣಿಸಿ, ಎಲೆಗಳು ಉದ್ದವಾಗಿಯೂ ಅಗಲವಾಗಿಯೂ ಹೊಳಪುಳ್ಳವಾಗಿಯೂ ಇರುವುವೆಂದೂ ಭಾರತದ ಎಲ್ಲ ದೇಶಗಳಲ್ಲಿಯೂ ಬರೆಯಲು ಅವನ್ನೇ ಬಳಸುವರೆಂದೂ ಹೇಳಿದ್ದಾನೆ. ಆ ಊರು ನಮ್ಮ ಬನವಾಸಿಯೆಂದು ಕೆಲವರು, ಆನೆಗೊಂದಿಯೆಂದು ಕೆಲವರು. ಊರಿನ ವಿಚಾರ ಹಾಗಿರಲಿ. ಅಗಲ, ಹೊಳಪು ಎಂಬ ಆ ಎರಡು ವಿಶೇಷಣಗಳು ತಾಳೆಗೆ ಒಪ್ಪುವುದಿಲ್ಲ, ಶ್ರೀತಾಳಕ್ಕೆ ಒಪ್ಪುತ್ತವೆ. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಉಳಿದುಬಂದ ಧವಳಾದಿ ಗ್ರಂಥಗಳು ಹನ್ನೆರಡನೆಯ ಶತಮಾನದ ಓಲೆಗಳು. ಕಂಟದಿಂದ ಕೊರೆಯದೆ ಮಸಿಯಿಂದ ಬರೆದು, ಚಿತ್ರಗಳನ್ನೂ ತೆಗೆದಿದ್ದಾರೆ. ಮಸಿಯನ್ನು ಹಿಡಿದುಕೊಳ್ಳುವ ಮೃದುತ್ವ ಶ್ರೀತಾಳಕ್ಕೆ ಸಹಜ.

ನಮ್ಮ ಭಾಷೆಯಲ್ಲಿಯೂ ಈ ಎಲೆ ಎಷ್ಟು ಆಳಕ್ಕೆ ಇಳಿದಿದೆ ನೋಡಿರಿ. ಬರೆದ ಕಾಗದ ಓಲೆ. ಅದನ್ನು ತರುವವನು ಓಲೆಕಾರ. ಸುರುಳಿ ಸುತ್ತಿ ಕಿವಿಗೆ ಇಟ್ಟುಕೊಂಡಾಗ ಅದೇ ಕಿವಿಯೋಲೆ. ಅಲ್ಲಿಂದ ಮುತ್ತೈದೆಯ ಓಲೆಭಾಗ್ಯ. ಚಿನ್ನದ ಓಲೆ ಬಂದ ಮೇಲೂ ಹೆಸರು ಎಲೆಯದೇ ಉಳಿಯಿತು, ಎಲೆಯ ಮರ ಮಾತ್ರ ನೆನಪಿನಿಂದ ಜಾರಿತು.

ನೆನಪಿನಿಂದ ಜಾರಿದ್ದರೆ ಚಿಂತೆಯಿರಲಿಲ್ಲ. ನೆಲದಿಂದಲೇ ಜಾರುತ್ತಿದೆ. ಕರಾವಳಿಯಲ್ಲಿ ಎರಡನೆಯ ದಿನ ನಾನು ಕಂಡದ್ದು ಹೂಬಿಟ್ಟ ಶ್ರೀತಾಳವನ್ನು. ಬಾಳಿನಲ್ಲಿ ಒಮ್ಮೆ, ಮೂವತ್ತರಿಂದ ಎಂಬತ್ತು ವರ್ಷಗಳ ನಡುವೆ ಎಂದಾದರೊಂದು ದಿನ, ಈ ಮರ ತನ್ನ ನೆತ್ತಿಯಿಂದ ಹೂವಿನ ಗೋಪುರವನ್ನು ಎತ್ತುತ್ತದೆ. ಕೊರಿಫಾ ಎಂಬ ಗ್ರೀಕ್ ಮೂಲದ ಹೆಸರಿಗೂ ನೆತ್ತಿ, ಶಿಖರ ಎಂದೇ ಅರ್ಥ. ಆರು ಮೀಟರಿಗೂ ಮಿಗಿಲಾದ ಆ ಗೋಪುರದಲ್ಲಿ ಹೂಗಳ ಸಂಖ್ಯೆ ಲಕ್ಷಗಳನ್ನು ದಾಟಿ ದಶಲಕ್ಷಗಳಲ್ಲಿ. ಕವಲೊಡೆದ ಹೂಗೊಂಚಲುಗಳಲ್ಲಿ ಇದಕ್ಕಿಂತ ದೊಡ್ಡದು ಸಸ್ಯಪ್ರಪಂಚದಲ್ಲಿಯೇ ಇಲ್ಲ. ನಾನು ಕಂಡಾಗ ಎಲೆಗಳು ಆಗಲೇ ಬಾಡಿ ಜೋತುಬಿದ್ದಿದ್ದವು, ಮೇಲೆ ಕೆನೆಬಣ್ಣದ ಗೋಪುರ, ಸುತ್ತ ಜೇನುಹುಳುಗಳ ಮೊರೆತ. ಹತ್ತು ನಿಮಿಷ ನಾನು ಮಾತನಾಡಲಿಲ್ಲ. ವಿದ್ವಾಂಸನಿಗೆ ಅದು ದೀರ್ಘಕಾಲ.

ಕಾಯಿ ಬಲಿಯಲು ಸುಮಾರು ಒಂದು ವರ್ಷ ಹಿಡಿಯುತ್ತದೆ. ಬೀಜ ಉದುರಿದ ಮೇಲೆ ಮರ ಸಾಯುತ್ತದೆ. ಬಾಳೆಯೂ ಗೊನೆ ಕೊಟ್ಟು ಸಾಯುತ್ತದೆ, ಆದರೆ ಬುಡದಲ್ಲಿ ಮರಿಗಳಿರುತ್ತವೆ, ಶ್ರೀತಾಳಕ್ಕೆ ಮರಿಗಳಿಲ್ಲ. ಅದರ ವಂಶವೆಲ್ಲ ಆ ಒಂದು ವರ್ಷದಲ್ಲಿದೆ. ಆ ವರ್ಷದಲ್ಲಿಯೇ ಜನರು ಅದನ್ನು ಕಡಿಯುತ್ತಾರೆ. ಹೂಬಿಟ್ಟರೆ ಊರಿಗೆ ಅನಿಷ್ಟವೆಂಬ ನಂಬಿಕೆ. ಬಿದಿರು ಹೂಬಿಟ್ಟರೆ ಬರಗಾಲವೆಂದು ನಮ್ಮಲ್ಲಿಯೂ ಹೇಳುವುದಿಲ್ಲವೆ? ಒಂದು ತಲೆಮಾರಿನಲ್ಲಿ ಒಮ್ಮೆ ಕಾಣುವುದೆಲ್ಲ ಉತ್ಪಾತವಾಗಿ ತೋರುವುದು ಸಹಜ. ಮತ್ತೊಂದು ಕಾರಣ ಹೊಟ್ಟೆಯದು. ಹೂಬಿಡಲೆಂದು ಮರವು ಜೀವಮಾನವಿಡೀ ಕಾಂಡದಲ್ಲಿ ಹಿಟ್ಟನ್ನು ಕೂಡಿಡುತ್ತದೆ. ಹಿಂದಿನ ಬಡತನದ ದಿನಗಳಲ್ಲಿ ಹೂಬಿಡುವ ಮುನ್ನವೇ ಕಡಿದು ಆ ಹಿಟ್ಟನ್ನು ಉಂಡು ಜನ ಬದುಕಿದರು. ಹಸಿದವರನ್ನು ನಾನು ದೂರಲಾರೆ. ಸತ್ತ ಮರ ಮನೆಯ ಮೇಲೆ ಬೀಳುವುದೆಂಬ ಭಯಕ್ಕೂ ಅರ್ಥವುಂಟು. ಆದರೆ ಬೀಜ ಉದುರುವವರೆಗೆ ಕಾದು ಆಮೇಲೆ ಕಡಿದರೆ ನಷ್ಟವೇನು? ಯಾವ ಮರದ ಬೀಜವನ್ನು ದೃಷ್ಟಿಪರಿಹಾರಕ್ಕೆಂದು ಮಗುವಿನ ಕೊರಳಿಗೆ ಕಟ್ಟುವರೋ ಆ ಮರದ ಹೂವೇ ಕೆಟ್ಟದ್ದೆಂದು ಕಡಿಯುವುದು ಯಾವ ನ್ಯಾಯ? ಉಡುಪಿಯ ಎಸ್.ಎ. ಕೃಷ್ಣಯ್ಯನವರಂತಹ ಜಾನಪದ ವಿದ್ವಾಂಸರು ಶ್ರೀತಾಳೆಯ ಉಳಿವಿಗಾಗಿ ಜನರಲ್ಲಿ ತಿಳಿವಳಿಕೆ ಮೂಡಿಸಲು ಶ್ರಮಿಸಿದ್ದಾರೆ.

ಇದು ಅತಿಶಯದ ಭಯವಲ್ಲವೆಂಬುದಕ್ಕೆ ಬಂಗಾಳದ ಒಂದು ನಿದರ್ಶನವುಂಟು. ಶ್ರೀತಾಳದ ಸಹೋದರ ಜಾತಿಯೊಂದು, ತಾಲಿಯೆರಾ ಎಂಬುದು, ಅಲ್ಲಿ ಮಾತ್ರ ಬೆಳೆಯುತ್ತಿತ್ತು. ಶಾಂತಿನಿಕೇತನದ ಸಮೀಪದ ಒಂದು ಹಳ್ಳಿಯಲ್ಲಿ ಕಾಡುಮೂಲದ ಕೊನೆಯ ಮರವೆಂದು ತಿಳಿದಿದ್ದ ಒಂದು 1979ರಲ್ಲಿ ಹೂಬಿಟ್ಟಿತು. ತಾಳೆಮರದಂತಿದೆ, ಆದರೆ ತಾಳೆ ಹೀಗೆ ಹೂಬಿಡುವುದಿಲ್ಲ. ಆದುದರಿಂದ ಇದು ತಾಳೆಯ ಭೂತವೆಂದು ಬಗೆದು ಗ್ರಾಮಸ್ಥರು ಅದನ್ನು ಕಡಿದುಹಾಕಿದರು. ಗಮನಿಸಿರಿ: ಅವರ ಕಣ್ಣು ತಪ್ಪಿರಲಿಲ್ಲ. ಇದು ತಾಳೆಯಲ್ಲವೆಂದು ಅವರು ಸರಿಯಾಗಿಯೇ ಗುರುತಿಸಿದ್ದರು. ಮತ್ತೇನೆಂಬುದನ್ನು ಹೇಳುವವರು ಇರಲಿಲ್ಲ. ಆಮೇಲೆ ಢಾಕಾ ವಿಶ್ವವಿದ್ಯಾನಿಲಯದ ಆವರಣದಲ್ಲಿದ್ದ ಒಂದು ಮರ ಅದೇ ಜಾತಿಯದೆಂದು ಸಸ್ಯಶಾಸ್ತ್ರಜ್ಞರು ಗುರುತಿಸಿದರು. ಅದು 2008ರಲ್ಲಿ ಹೂಬಿಟ್ಟಾಗ ಯಾರೂ ಕೊಡಲಿ ತರಲಿಲ್ಲ. ಬೀಜಗಳನ್ನು ಆಯ್ದು ಸಸಿ ಮಾಡಿದರು.

ನಾನೂ ಕರಾವಳಿಯಿಂದ ಬರಿಗೈಯಲ್ಲಿ ಬರಲಿಲ್ಲ. ಹೂಬಿಟ್ಟಿದ್ದ ಆ ಮರದ ಒಡೆಯರು, ವೃದ್ಧರು, ಅದನ್ನು ಕಡಿಸದೆ ಉಳಿಸಿಕೊಂಡಿದ್ದರು. ಮರುವರ್ಷ ನನಗೆ ಹೇಳಿಕಳುಹಿಸಿ ಹನ್ನೊಂದು ಬೀಜಗಳನ್ನು ಕೊಟ್ಟರು. ನಮ್ಮಲ್ಲಿ ಬೀಳುವ ಮಳೆ ಅಲ್ಲಿಯದರ ಐದರಲ್ಲೊಂದು ಪಾಲೂ ಇಲ್ಲ. ಆದರೂ ಕೊಳವೆಬಾವಿಯ ತೊಟ್ಟಿಯ ಪಕ್ಕದ ನೆರಳಿನಲ್ಲಿ ಮಡಿ ಮಾಡಿ ಊರಿದೆವು. ತಿಂಗಳುಗಳು ಕಳೆದವು. ಎಂಟು ಬೀಜಗಳು ಮಣ್ಣಾದವು. ಮೂರು ಮೊಳೆತವು. ಮೊದಲ ಎಲೆ ಬೀಸಣಿಗೆಯಲ್ಲ, ಕೊಡೆಯಲ್ಲ; ಸೀಳಿಲ್ಲದೆ ಮಡಿಕೆ ಮಡಿಕೆಯಾಗಿ ಕತ್ತಿಯಂತೆ ನೆಟ್ಟಗೆ ಬಂತು. ಅಂದು ತರಗತಿಯಲ್ಲಿ ಎದ್ದು ನಿಂತಿದ್ದ ಹುಡುಗಿ ಈಗ ಚಿತ್ರದುರ್ಗದಲ್ಲಿ ಕಾಲೇಜು ಓದುತ್ತಿದ್ದಾಳೆ. ರಜೆಯಲ್ಲಿ ಬಂದಾಗ ಎಲೆಯ ಉದ್ದವನ್ನು ಅಳೆದು ತನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತಾಳೆ.

ಧ್ವಜಸ್ತಂಭದ ಬಳಿಯ ಮರವನ್ನು ಕಡಿಸೋಣವೆಂದು ಕೆಲವರು ಸೂಚಿಸಿದರು. ಅದರ ತಪ್ಪೇನು? ಕಾಣಿಕೆ ಕೊಟ್ಟವರ ಒಪ್ಪಿಗೆ ಪಡೆದು ಹಳೆಯ ಫಲಕವನ್ನು ತೆಗೆಸಿ, ಸರಿಯಾದ ಹೆಸರನ್ನು ಬರೆಸಿದ್ದೇವೆ. ತೊಟ್ಟಿಯ ಪಕ್ಕದ ಮೂರು ಸಸಿಗಳ ಮುಂದೆ ಫಲಕವಿಲ್ಲ. ಬೀಜವನ್ನು ನಾನೇ ತಂದಿದ್ದೇನೆ, ಮರವನ್ನು ಕಣ್ಣಾ‌ರೆ ಕಂಡಿದ್ದೇನೆ, ಆದರೂ ಎಲೆ ಸೀಳಿ ಹರಡಿ, ತೊಟ್ಟಿನಲ್ಲಿ ಕಪ್ಪು ಹಲ್ಲು ಮೂಡಿ, ಅಂಚಿನಲ್ಲಿ ನೂಲಿಲ್ಲವೆಂಬುದು ಖಚಿತವಾಗಲಿ ಎಂದು ಕಾಯುತ್ತಿದ್ದೇವೆ.